ಯುರೋಪಾದ ಮಂಜುಗಡ್ಡೆಗೆ ವಿಕಿರಣದ ಪೆಟ್ಟು

ಗುರುಗ್ರಹದ ಉಪಗ್ರಹ ಯುರೋಪಾ ನಮ್ಮ ಚಂದ್ರನಿಗಿಂತ ತುಸು ಚಿಕ್ಕದು. ಅದರ ವ್ಯಾಸ ಸುಮಾರು 3,120 ಕಿ.ಮೀ. ಮೈಯೆಲ್ಲ ಮಂಜುಗಡ್ಡೆ. ಅದರಡಿ ಉಪ್ಪುನೀರಿನ ಆಳವಾದ ಕಡಲಿದೆ ಎನ್ನಲು ಬಲವಾದ ಪುರಾವೆಗಳಿವೆ. ಆದರೆ ಮೇಲ್ಮೈ ಬಲು ಅಪಾಯಕಾರಿ. ರಕ್ಷಣೆಯಿಲ್ಲದೆ ಅಲ್ಲಿ ನಿಂತವರಿಗೆ ಒಂದೇ ದಿನದಲ್ಲಿ ಸುಮಾರು 5.4 ಸೀವರ್ಟ್ ವಿಕಿರಣ ತಗಲುತ್ತದೆ. ಮನುಷ್ಯನ ಪ್ರಾಣಕ್ಕೆ ಕುತ್ತಾಗಲು ಅಷ್ಟು ಸಾಕು. ಹಾಗಾದರೆ ಕೋಟ್ಯಂತರ ವರ್ಷಗಳಿಂದ ಈ ವಿಕಿರಣಕ್ಕೆ ಮೈಯೊಡ್ಡಿರುವ ಮಂಜುಗಡ್ಡೆ ಏನಾಗುತ್ತದೆ? ಈ ಪ್ರಶ್ನೆಯ ಬೆನ್ನುಹತ್ತಿ ದಶಕಗಳ ಕಾಲ ದುಡಿದವರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರಾಬರ್ಟ್ ಜಾನ್ಸನ್ ಪ್ರಮುಖರು.

ಈ ವಿಕಿರಣದ ಮೂಲ ಗುರುಗ್ರಹದ ಪ್ರಬಲ ಕಾಂತಕ್ಷೇತ್ರ. ಜ್ವಾಲಾಮುಖಿಗಳಿಂದ ತುಂಬಿದ ಐಯೋ ಎಂಬ ನೆರೆಯ ಉಪಗ್ರಹದಿಂದ ಸೆಕೆಂಡಿಗೆ ಸರಿಸುಮಾರು ಒಂದು ಟನ್ ವಸ್ತು ಬಾಹ್ಯಾಕಾಶಕ್ಕೆ ಸೇರುತ್ತದೆ. ಅದರಲ್ಲಿನ ಗಂಧಕ, ಆಮ್ಲಜನಕಗಳು ವಿದ್ಯುದಾವಿಷ್ಟಗೊಂಡು ಅಯಾನುಗಳಾಗಿ ಕಾಂತಕ್ಷೇತ್ರದಲ್ಲಿ ಸಿಕ್ಕಿಕೊಳ್ಳುತ್ತವೆ. ಗುರುಗ್ರಹ ತನ್ನ ಸುತ್ತ ಒಮ್ಮೆ ತಿರುಗಲು ಹತ್ತು ತಾಸೂ ಬೇಡ. ಕಾಂತಕ್ಷೇತ್ರವೂ ಕಣಗಳೂ ಅದರ ಜೊತೆಗೇ ಸುತ್ತುತ್ತವೆ. ಯುರೋಪಾ ಗುರುವಿನ ಸುತ್ತ ಒಂದು ಸುತ್ತು ಮುಗಿಸಲು ಮೂರೂವರೆ ದಿನ ಬೇಕು. ಹೀಗಾಗಿ ವೇಗವಾಗಿ ಬರುವ ಕಣಗಳ ಹೊಡೆತ ಹೆಚ್ಚಾಗಿ ಬೀಳುವುದು ಯುರೋಪಾದ ಹಿಂಬದಿಗೆ. ಆ ಭಾಗ ಕೆಂಪುಮಿಶ್ರಿತ ಕಂದುಬಣ್ಣಕ್ಕೆ ತಿರುಗಿರುವುದಕ್ಕೆ ಇದೂ ಒಂದು ಕಾರಣ.

1970ರ ದಶಕದ ಕೊನೆಯಲ್ಲಿ ಬೆಲ್ ಪ್ರಯೋಗಾಲಯದ ವಾಲ್ಟರ್ ಬ್ರೌನ್, ಲೂಯಿ ಲಾಂಜೆರೊಟ್ಟಿ ಮತ್ತು ಅವರ ಸಂಗಡಿಗರು ಈ ಹೊಡೆತವನ್ನು ಭೂಮಿಯ ಮೇಲೆಯೇ ಮರುಸೃಷ್ಟಿಸಲು ಹೊರಟರು. ನಿರ್ವಾತದಲ್ಲಿ ತೆಳುವಾದ ಮಂಜಿನ ಪದರ ಕಟ್ಟಿಸಿ, ಲಕ್ಷಾಂತರ ವೋಲ್ಟ್‌ಗಳಿಂದ ವೇಗ ಪಡೆದ ಅಯಾನುಗಳನ್ನು ಅದರ ಮೇಲೆ ಹಾಯಿಸಿ, ಪದರ ಎಷ್ಟು ಸವೆಯಿತೆಂದು ಅಳೆದರು. ಕೇರಂ ಆಟದಲ್ಲಿ ಸ್ಟ್ರೈಕರ್ ಕಾಯಿಯನ್ನು ಸಿಡಿಸುವಂತೆ, ಅಯಾನು ನೇರವಾಗಿ ತಾಗಿದ ಅಣುಗಳಷ್ಟೇ ಹಾರಿಹೋಗುತ್ತವೆ ಎಂಬ ಲೆಕ್ಕ ಆಗ ಚಾಲ್ತಿಯಲ್ಲಿತ್ತು. ಆದರೆ ಮಂಜುಗಡ್ಡೆ ಆ ಲೆಕ್ಕವನ್ನು ಮೀರಿ ಎಷ್ಟೋ ಪಟ್ಟು ಹೆಚ್ಚು ಸವೆಯಿತು. ವೇಗದ ಅಯಾನು ತನ್ನ ಶಕ್ತಿಯ ಬಹುಪಾಲನ್ನು ಅಣುಗಳೊಳಗಿನ ಎಲೆಕ್ಟ್ರಾನುಗಳಿಗೆ ಕೊಡುತ್ತದೆ. ಆ ಶಕ್ತಿ ಅಣುಗಳನ್ನು ಒಡೆದು ಮೇಲ್ಮೈಯಿಂದ ಹೊರದೂಡುತ್ತದೆ. 1978ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ಹೊಸದೊಂದು ಅಧ್ಯಯನ ಕ್ಷೇತ್ರವೇ ತೆರೆದುಕೊಂಡಿತು. ಜಾನ್ಸನ್ ಇವರ ಜೊತೆಗೂಡಿ, ಪ್ರಯೋಗಾಲಯದ ಅಳತೆಗಳನ್ನು ದೂರದ ಉಪಗ್ರಹಗಳಿಗೆ ಅನ್ವಯಿಸಿದರು.

ನೀರಿನ ಅಣು ಒಡೆದಾಗ ಜಲಜನಕವೂ ಆಮ್ಲಜನಕವೂ ಹುಟ್ಟುತ್ತವೆ. ಹಗುರವಾದ ಜಲಜನಕ ಯುರೋಪಾದ ದುರ್ಬಲ ಗುರುತ್ವವನ್ನು ಮೀರಿ ಸುಲಭವಾಗಿ ಪಾರಾಗುತ್ತದೆ. ಆಮ್ಲಜನಕದ ಅಣು ಭಾರ; ಅಲ್ಲಿನ ಕೊರೆವ ಚಳಿಯಲ್ಲೂ ಅದು ಹೆಪ್ಪುಗಟ್ಟುವುದಿಲ್ಲ. ಆದ್ದರಿಂದ ಯುರೋಪಾದ ಸುತ್ತ ಆಮ್ಲಜನಕದ ತೆಳು ವಾಯುಮಂಡಲ ಇರಲೇಬೇಕೆಂದು 1982ರಲ್ಲಿ ಜಾನ್ಸನ್, ಲಾಂಜೆರೊಟ್ಟಿ ಮತ್ತು ಬ್ರೌನ್ ಬರೆದರು. ಹದಿಮೂರು ವರ್ಷಗಳ ನಂತರ, 1995ರಲ್ಲಿ, ಹಬಲ್ ದೂರದರ್ಶಕದ ಅತಿನೇರಳೆ ವೀಕ್ಷಣೆಗಳಲ್ಲಿ ಆ ಆಮ್ಲಜನಕ ಪತ್ತೆಯಾಯಿತು. ಅದರ ಒತ್ತಡ ಭೂಮಿಯ ವಾಯುವಿನ ಒತ್ತಡದ ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲು ಮಾತ್ರ. ಅಷ್ಟು ವಿರಳವಾದ ಅನಿಲವನ್ನು ಯಾರೂ ಕಾಣುವ ಮೊದಲೇ ಲೆಕ್ಕ ಹಾಕಿ ಹೇಳಿದ್ದು ದೊಡ್ಡ ಸಾಧನೆ.

ಆಮೇಲೆ ಪುರಾವೆಗಳು ಸಾಲಾಗಿ ಬಂದವು. 1999ರಲ್ಲಿ ಗೆಲಿಲಿಯೋ ನೌಕೆಯ ಮಾಹಿತಿಯಲ್ಲಿ ಯುರೋಪಾದ ಮಂಜಿನೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಸಿಕ್ಕಿತು. ಇದೂ ವಿಕಿರಣದಿಂದ ಹುಟ್ಟಿದ ಪದಾರ್ಥವೇ. ಸ್ವಂತ ಕಾಂತಕ್ಷೇತ್ರವಿರುವ, ಗುರುವಿನದೇ ಇನ್ನೊಂದು ಉಪಗ್ರಹವಾದ ಗ್ಯಾನಿಮೀಡ್‌ನಲ್ಲಿ ಸಮಭಾಜಕದ ಆಸುಪಾಸಿಗೆ ಒಂದಿಷ್ಟು ರಕ್ಷಣೆಯಿದೆ, ಧ್ರುವಗಳಿಗೆ ಹೊಡೆತ ಹೆಚ್ಚು. ಶನಿಯ ಉಪಗ್ರಹ ರಿಯಾದ ಸುತ್ತಲೂ ಆಮ್ಲಜನಕವಿರುವುದನ್ನು ಕ್ಯಾಸಿನಿ ನೌಕೆ ತೋರಿಸಿತು. 2010ರಲ್ಲಿ ಪ್ರಕಟವಾದ ಆ ಸಂಶೋಧನೆಯಲ್ಲೂ ಜಾನ್ಸನ್ ಪಾಲ್ಗೊಂಡಿದ್ದರು.

ಈ ಅಧ್ಯಯನ ಜೀವದ ಹುಡುಕಾಟಕ್ಕೂ ಬೇಕು. ಯುರೋಪಾದ ಕಡಲಿಗೆ ಸೂರ್ಯನ ಬೆಳಕು ಇಳಿಯುವುದಿಲ್ಲ. ಅಲ್ಲಿ ಸೂಕ್ಷ್ಮಜೀವಿಗಳಿದ್ದರೆ ಅವು ರಾಸಾಯನಿಕ ಶಕ್ತಿಯನ್ನೇ ನಂಬಿ ಬದುಕಬೇಕು. ಮೇಲ್ಮೈಯಲ್ಲಿ ಹುಟ್ಟಿದ ಆಮ್ಲಜನಕ ಮತ್ತು ಪೆರಾಕ್ಸೈಡ್ ಬಿರುಕುಗಳ ಮೂಲಕವೋ ಮಂಜಿನ ಚಲನೆಯಿಂದಲೋ ಕೆಳಗಿಳಿದರೆ ಆ ಶಕ್ತಿ ಒದಗಬಹುದು. ಹಾಗಾಗಿ ಎಷ್ಟು ಆಮ್ಲಜನಕ ಹುಟ್ಟುತ್ತದೆ ಎಂಬುದು ಮುಖ್ಯ. 2022ರ ಸೆಪ್ಟೆಂಬರ್ 29ರಂದು ಜೂನೋ ನೌಕೆ ಯುರೋಪಾದಿಂದ ಸುಮಾರು 350 ಕಿ.ಮೀ. ಎತ್ತರದಲ್ಲಿ ಹಾದುಹೋಗುವಾಗ ಕಣಗಳನ್ನು ನೇರವಾಗಿ ಅಳೆಯಿತು. ಅದರಂತೆ ಸೆಕೆಂಡಿಗೆ ಸುಮಾರು 12 ಕೆ.ಜಿ., ಅಂದರೆ ದಿನಕ್ಕೆ ಸುಮಾರು 1,000 ಟನ್ ಆಮ್ಲಜನಕ ಹುಟ್ಟುತ್ತದೆ. ಹಿಂದಿನ ಹಲವು ಅಂದಾಜುಗಳಿಗಿಂತ ಇದು ಕಡಿಮೆ; ಕಡಲಿಗೆ ಸಿಗಬಹುದಾದ ಪಾಲಿನ ಲೆಕ್ಕವನ್ನೂ ಅದಕ್ಕೆ ತಕ್ಕಂತೆ ತಗ್ಗಿಸಬೇಕಾಗುತ್ತದೆ.

ಪ್ರಯೋಗಾಲಯದ ಕೆಲಸ ಇನ್ನೂ ಮುಗಿದಿಲ್ಲ. ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಮೂರ್ತಿ ಗುಡಿಪಾಟಿ ಮತ್ತು ಸಂಗಡಿಗರು ಉಪ್ಪು ಬೆರೆತ ಮಂಜಿಗೆ ಎಲೆಕ್ಟ್ರಾನುಗಳನ್ನು ಹಾಯಿಸಿದಾಗ ಅದು ಕತ್ತಲಲ್ಲಿ ಹೊಳೆಯಿತು. ಉಪ್ಪಿನ ಬಗೆಯಂತೆ ಹೊಳಪು ಹೆಚ್ಚುಕಡಿಮೆಯಾಯಿತು. ಯುರೋಪಾದ ಇರುಳಿನ ಭಾಗವೂ ಹೀಗೆ ಹೊಳೆಯಬಹುದೆಂದು ಅವರು 2020ರಲ್ಲಿ ಪ್ರಕಟಿಸಿದರು. ಆ ಹೊಳಪು ಸಿಕ್ಕರೆ ಮೇಲ್ಮೈಯ ಉಪ್ಪುಗಳ ಗುರುತು ಹಿಡಿಯಲು ಇನ್ನೊಂದು ದಾರಿಯಾಗುತ್ತದೆ.

2024ರ ಅಕ್ಟೋಬರ್ 14ರಂದು ಹೊರಟ ಯುರೋಪಾ ಕ್ಲಿಪರ್ ನೌಕೆ 2030ರಲ್ಲಿ ಗುರುವನ್ನು ತಲುಪಲಿದೆ. ವಿಕಿರಣಕ್ಕೆ ಹೆದರಿ ಅದು ಯುರೋಪಾದ ಸುತ್ತ ಸುತ್ತುವುದಿಲ್ಲ; ಗುರುವಿನ ಸುತ್ತ ಉದ್ದನೆಯ ಕಕ್ಷೆಯಲ್ಲಿದ್ದು ಸುಮಾರು 49 ಬಾರಿ ಯುರೋಪಾದ ಬಳಿ ಹಾದುಹೋಗುತ್ತದೆ. ಅದರ ಸೂಕ್ಷ್ಮ ಎಲೆಕ್ಟ್ರಾನಿಕ್ ಭಾಗಗಳನ್ನು ದಪ್ಪ ಲೋಹದ ಪೆಟ್ಟಿಗೆಯೊಳಗೆ ಇಡಲಾಗಿದೆ.

ನೌಕೆ ಹಾರಿದ ದಿನ ಎಲ್ಲರ ಕಣ್ಣೂ ಆಕಾಶದತ್ತ ಇರುತ್ತದೆ. ಆದರೆ ಅಲ್ಲಿ ಏನನ್ನು ಹುಡುಕಬೇಕು, ಸಿಕ್ಕ ಸಂಕೇತದ ಅರ್ಥವೇನು ಎಂಬುದನ್ನು ತಿಳಿಸುವುದು ಭೂಮಿಯ ಮೇಲೆ ತಾಳ್ಮೆಯಿಂದ ಮಾಡಿದ ಅಳತೆಗಳು. ನೌಕೆಗಳಿಗೆ ಹಣ ಒದಗಿಸುವ ಸಮಾಜ, ತಕ್ಷಣದ ಫಲ ಕೇಳದೆ, ಇಂಥ ಪ್ರಯೋಗಾಲಯಗಳನ್ನೂ ಪೋಷಿಸಬೇಕು.