ಆರೈಕೆ ಮಾಡುವವರಿಗೂ ಆಸರೆ ಬೇಕು

ಕಳೆದ ತಿಂಗಳು ಅಸರ್ ನಮಾಝ್ ಮುಗಿದ ಮೇಲೆ ಒಬ್ಬ ಸಹೋದರರು ಎದ್ದು ಹೋಗದೆ ಕುಳಿತೇ ಇದ್ದರು. ಅವರ ಪತ್ನಿಗೆ ಎರಡು ವರ್ಷದಿಂದ ಖಿನ್ನತೆ. ಡಾಕ್ಟರು ಕೊಟ್ಟ ಮಾತ್ರೆ ನಡೆಯುತ್ತಿದೆ. ಆದರೆ ಅವರು ಕೇಳಿದ್ದು ಪತ್ನಿಯ ಬಗ್ಗೆ ಅಲ್ಲ. "ಹಝ್ರತ್, ಈಗೀಗ ನನಗೇ ನಿದ್ದೆಯಿಲ್ಲ. ಮಕ್ಕಳ ಮೇಲೆ ರೇಗುತ್ತೇನೆ. ಫೋನಿನಲ್ಲಿ ಆಪ್ತ ಸಮಾಲೋಚಕರು ಸಿಗುತ್ತಾರಂತೆ. ಹೆಂಡತಿಯ ಕಾಯಿಲೆಯನ್ನು ಅಪರಿಚಿತರ ಮುಂದೆ ಹೇಳಿದರೆ ಗೀಬತ್ ಆಗುವುದಿಲ್ಲವೇ?" ಅವರ ಒಪ್ಪಿಗೆ ಪಡೆದು, ಗುರುತು ಬಿಟ್ಟುಕೊಡದೆ, ಈ ಪ್ರಶ್ನೆಯನ್ನೇ ಜುಮಾ ಖುತ್ಬಾದಲ್ಲಿ ಎತ್ತಿಕೊಂಡೆ.

ಗೀಬತ್ ಘೋರ ಪಾಪ, ಸಂಶಯವಿಲ್ಲ. ಆದರೆ ಹಿಂದ್ ಬಿನ್ತ್ ಉತ್ಬಾ(ರ) ಅವರು ಪ್ರವಾದಿ(ಸ)ರ ಬಳಿ ಬಂದು, ಪತಿ ಅಬೂ ಸುಫ್ಯಾನ್(ರ) ಮನೆಖರ್ಚಿಗೆ ಸಾಕಷ್ಟು ಕೊಡುವುದಿಲ್ಲವೆಂದು ಹೇಳಿಕೊಂಡಾಗ, ಪ್ರವಾದಿ(ಸ)ರು ಅವರ ಬಾಯಿ ಮುಚ್ಚಿಸಲಿಲ್ಲ, ದಾರಿ ತೋರಿಸಿದರು. ಇಮಾಮ್ ನವವಿ(ರಹ) 'ರಿಯಾಝುಸ್ಸಾಲಿಹೀನ್'ನಲ್ಲಿ ಗೀಬತ್‌ಗೆ ವಿನಾಯಿತಿಯಿರುವ ಆರು ಸಂದರ್ಭಗಳನ್ನು ವಿವರಿಸುವಾಗ ಈ ಹದೀಸನ್ನೂ ಆಧಾರವಾಗಿ ಕೊಡುತ್ತಾರೆ. ಪರಿಹಾರ ಹೇಳಬಲ್ಲವರ ಮುಂದೆ, ಅಗತ್ಯವಿದ್ದಷ್ಟು ಹೇಳುವುದು ಗೀಬತ್ ಅಲ್ಲ. ಅದೇ ಮಾತನ್ನು ವಲೀಮಾದ ಊಟದಲ್ಲಿ ಹೇಳಿದರೆ ಗೀಬತ್.

ಬದ್ರ್‌ಗೆ ಹೊರಡುವಾಗ ಪ್ರವಾದಿ(ಸ)ರ ಪುತ್ರಿ ರುಕಯ್ಯಾ(ರ) ಕಾಯಿಲೆ ಬಿದ್ದಿದ್ದರು. ಅವರ ಪತಿ ಉಸ್ಮಾನ್(ರ) ಆರೈಕೆಗಾಗಿ ಮದೀನಾದಲ್ಲೇ ಉಳಿದರು. ಬದ್ರ್‌ನಲ್ಲಿ ಭಾಗವಹಿಸಿದವರ ಪ್ರತಿಫಲವೂ ಪಾಲೂ ಅವರಿಗಿದೆ ಎಂದು ಪ್ರವಾದಿ(ಸ)ರು ತಿಳಿಸಿದರು. ರೋಗಿಯ ಪಕ್ಕ ಕೂತವರನ್ನು ಬದ್ರ್‌ನ ಸಾಲಿಗೆ ಸೇರಿಸಿದ ದೀನ್ ನಮ್ಮದು. ನಮ್ಮ ಮೊಹಲ್ಲಾಗಳಲ್ಲೂ ಇಂಥವರಿದ್ದಾರೆ, ಹೆಚ್ಚಿನವರು ಹೆಂಗಸರು. ಜಮಾಅತಿನ ಯಾವ ಸಭೆಯಲ್ಲೂ ಅವರ ಮಾತು ಬರುವುದಿಲ್ಲ. ಹಾಗೆಂದು ಅವರು ತಮ್ಮನ್ನು ಸವೆಸಿಕೊಳ್ಳಬೇಕೆಂದಿಲ್ಲ. ನಿನ್ನ ಮೇಲೆ ನಿನ್ನ ದೇಹಕ್ಕೂ ಹಕ್ಕಿದೆ ಎಂಬ ಅರ್ಥದಲ್ಲಿ ಸಲ್ಮಾನ್(ರ) ಅಬುದ್ದರ್ದಾ(ರ)ರಿಗೆ ಹೇಳಿದ್ದನ್ನು ಪ್ರವಾದಿ(ಸ)ರು ಸರಿಯೆಂದರು.

ಫೋನಿನ ವಿಷಯ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ 'ಟೆಲಿ ಮಾನಸ್' ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮಾರ್ಗದರ್ಶಿ ಸಂಸ್ಥೆ. ಸಂಖ್ಯೆ 14416, ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಮೊದಲು ಸಮಾಲೋಚಕರು ಕೇಳುತ್ತಾರೆ, ಅಗತ್ಯವಿದ್ದರೆ ತಜ್ಞರಿಗೆ ಸಂಪರ್ಕ ಕೊಡುತ್ತಾರೆ. ರೋಗಿಯೇ ಕರೆ ಮಾಡಬೇಕೆಂದಿಲ್ಲ, ನೋಡಿಕೊಳ್ಳುವವರೂ ಮಾಡಬಹುದು. ಮನೆಯಲ್ಲಿ ಗೋಡೆಗೂ ಕಿವಿಯಿದ್ದರೆ ತಾರಸಿಗೆ ಹೋಗಿ ಮಾತಾಡಿ.

ವಾಟ್ಸಾಪ್ ಗುಂಪುಗಳ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಅದೇ ಕಷ್ಟ ಅನುಭವಿಸಿದವರ ಜೊತೆ ಮಾತಾಡಿದರೆ ಮನಸ್ಸು ಹಗುರಾಗುವುದು ನಿಜ. ಆದರೆ ರೋಗಿಯ ಹೆಸರು, ಫೋಟೋ, ಡಾಕ್ಟರರ ಚೀಟಿ ಅಲ್ಲಿ ಹಾಕುವುದು ಅಮಾನತಿನ ದ್ರೋಹ. ನಾಳೆ ಮಗಳ ಸಂಬಂಧ ನೋಡಲು ಬಂದವರ ಕೈಯಲ್ಲಿ ಅದು ಇರುತ್ತದೆ. ಮಾತ್ರೆ ಬಿಟ್ಟು ಬರೀ ದಮ್ ಮಾಡಿಸಿ ಎನ್ನುವ ಫಾರ್ವರ್ಡ್‌ಗಳನ್ನು ಅಳಿಸಿಹಾಕಿ. ದುಆ ಇರಲಿ, ತಿಲಾವತ್ ಇರಲಿ, ಮಾತ್ರೆಯೂ ಇರಲಿ. ಖಿನ್ನತೆಯ ಮಾತ್ರೆ ಗುಣ ತೋರಲು ಕೆಲವು ವಾರ ಬೇಕು; ತಟ್ಟನೆ ನಿಲ್ಲಿಸಿದರೆ ತೊಂದರೆ. ರಮಝಾನಿನಲ್ಲಿ ಹೊತ್ತು ಬದಲಿಸುವುದಿದ್ದರೂ ಡಾಕ್ಟರನ್ನೇ ಕೇಳಿ. ಈಮಾನ್ ಕಮ್ಮಿಯಾಗಿ ಹೀಗಾಯಿತು ಎನ್ನುವವರು, ಮಗನ ಅಗಲಿಕೆಯಲ್ಲಿ ಕಣ್ಣು ಮಂಜಾಗುವಷ್ಟು ಕೊರಗಿದ ಯಾಕೂಬ್(ಅ) ಪ್ರವಾದಿಯಾಗಿದ್ದರೆಂದು ನೆನೆಯಲಿ.

ರೋಗಿ ಸಾಯುವ ಮಾತಾಡಿದರೆ ಗದರಿಸಬೇಡಿ, ಹರಾಮ್ ಎಂದು ಉಪದೇಶಕ್ಕೂ ಕೂರಬೇಡಿ. ಒಂಟಿಯಾಗಿ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಇಲ್ಲವೇ 112ಕ್ಕೆ ಕರೆ ಮಾಡಿ.

ಆ ಸಹೋದರರು ಫೋನ್ ಮಾಡಿದರು. ಈಗ ಅವರ ಅಕ್ಕ ವಾರಕ್ಕೆರಡು ಮಧ್ಯಾಹ್ನ ಮನೆಗೆ ಬಂದು ಕೂರುತ್ತಾರೆ. ಆ ಹೊತ್ತು ಇವರು ನಿದ್ದೆ ಮಾಡುತ್ತಾರೆ. 14416 ಸಂಖ್ಯೆಯನ್ನು ವುಝೂ ಮಾಡುವ ಜಾಗದ ಗೋಡೆಗೆ ಅಂಟಿಸಿದ್ದೇವೆ. ಮನೆಯ ಹೆಂಗಸರಿಗೆ ನೀವೇ ಬರೆದುಕೊಂಡು ಹೋಗಿ ಕೊಡಿ.