ಕೀ ಮಾವನ ಜೇಬಿನಲ್ಲಿತ್ತು

ಮುಳ್ಳಯ್ಯನಗಿರಿ ನೋಡಿಕೊಂಡು ಕೆಳಗಿಳಿಯುವಾಗ ಕಾರಿನ ಎಡಗಡೆ ಮುಂದಿನ ಚಕ್ರದಿಂದ ‘ಕೀಂಯ್’ ಅಂತ ಸದ್ದು ಶುರುವಾಯಿತು. ಬ್ರೇಕ್ ಒತ್ತಿದಾಗಲೆಲ್ಲ ಅದೇ ಸದ್ದು. ಹಿಂದೆ ಕೂತಿದ್ದ ಮಗ, “ಅಮ್ಮಾ, ಯಾವುದೋ ಹಕ್ಕಿ!” ಅಂದ. ಪಕ್ಕದಲ್ಲಿದ್ದ ಮಾವ ಎರಡು ತಿರುವು ಸುಮ್ಮನೆ ಕೇಳಿಸಿಕೊಂಡರು. “ಹಕ್ಕಿ ಅಲ್ಲ ಕಣೋ, ಪ್ಯಾಡು. ಎರಡನೇ ಗೇರಿಗೆ ಹಾಕಮ್ಮ, ನಿಧಾನಕ್ಕೆ ಹೋಗೋಣ.”

ಮಾವ ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತರಾಗಿ ಹನ್ನೆರಡು ವರ್ಷವಾಯಿತು. ಕಿವಿ ಈಗಲೂ ಚುರುಕು, ಮಂಡಿ ಮಾತ್ರ ಹೋಗಿದೆ.

ನನಗೆ ಆಶ್ಚರ್ಯವಾಗಿದ್ದು ಬೇರೆ ಕಾರಣಕ್ಕೆ. ಮೂರು ತಿಂಗಳ ಹಿಂದಷ್ಟೇ ಕಾರು ಸರ್ವಿಸ್‌ಗೆ ಬಿಟ್ಟಿದ್ದೆ. “ಪ್ಯಾಡ್ ಇನ್ನೂ ಅರ್ಧ ಇದೆ ಮೇಡಂ, ಏನೂ ಯೋಚನೆ ಮಾಡ್ಬೇಡಿ” ಅಂದಿದ್ದರು. ಹಿರೇನಲ್ಲೂರಿಗೆ ಬಂದ ಮೇಲೆ ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದೆ. ಅವರು ಹೇಳಿದ್ದು ಸುಳ್ಳಲ್ಲ, ಹೊರಗಿನ ಪ್ಯಾಡ್ ನಿಜವಾಗಿಯೂ ದಪ್ಪಗಿತ್ತು. “ಒಳಗಿಂದು ನೋಡಿದ್ಯಾ?” ಅಂದರು ಮಾವ. ಒಳಗಿನದು ಚಕ್ರ ಬಿಚ್ಚದೆ ಕಾಣುವುದಿಲ್ಲ.

ನಮ್ಮವರು ವಾರವೆಲ್ಲ ಬೆಂಗಳೂರಿನಲ್ಲಿ. ಮಗನನ್ನು ದಿನಾ ಕಡೂರಿಗೆ ಶಾಲೆಗೆ ಬಿಟ್ಟು ಕರೆತರುವವಳು ನಾನು. ಈ ಸದ್ದಿನ ಗಾಡಿಯಲ್ಲಿ ಇನ್ನೊಂದು ವಾರ ಓಡಾಡುವ ಧೈರ್ಯ ನನಗಿರಲಿಲ್ಲ. ಮಾವನೇ ಅಂದರು: “ನನಗೆ ಕುಕ್ಕರಗಾಲಲ್ಲಿ ಕೂರೋಕಾಗಲ್ಲ. ನೀನು ಕೈ ಹಾಕ್ತೀಯಾ, ನಾನು ಹೇಳ್ತೀನಿ.” ಅತ್ತೆ ಒಳಗಿನಿಂದಲೇ, “ಹೆಣ್ಣುಮಗಳ ಕೈಯಲ್ಲಿ ಅದನ್ಯಾಕೆ ಮಾಡಿಸ್ತೀರಿ?” ಅಂದರು. ಬ್ರೇಕಿಗೆ ಮೊದಲು ಚರ್ಮದ ಪಟ್ಟಿ ಬಡಿಸಿದವಳೇ ಹೆಣ್ಣುಮಗಳು ಅಂತ ಅವರಿಗೆ ಆಮೇಲೆ ಹೇಳಿದೆ. 1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್ ಗಂಡನಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಜರ್ಮನಿಯ ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಹೊಸ ಮೋಟಾರು ಗಾಡಿ ಓಡಿಸಿಕೊಂಡು ಹೋದಳು. ನೂರು ಕಿಲೋಮೀಟರಿಗೂ ಹೆಚ್ಚು ದೂರ. ಇಳಿಜಾರಿನಲ್ಲಿ ಮರದ ಬ್ರೇಕ್ ತುಂಡುಗಳು ಸವೆದಾಗ ದಾರಿಯಲ್ಲಿ ಸಿಕ್ಕ ಚಪ್ಪಲಿ ಹೊಲಿಯುವವನಿಂದ ಅವುಗಳಿಗೆ ಚರ್ಮ ಹೊಡೆಸಿದಳು. ಇವತ್ತಿನ ಬ್ರೇಕ್ ಪ್ಯಾಡ್ ಆ ಚರ್ಮದ ಮೊಮ್ಮಗು. “ತವರಿಗೆ ಹೋಗೋಕೆ ಅಂದ್ರೆ ಯಾರಾದ್ರೂ ಮಾಡ್ತಾರೆ ಬಿಡು” ಅಂತ ಅತ್ತೆ ನಕ್ಕರು.

ಭಾನುವಾರ ಬೆಳಗ್ಗೆ ಶುರು ಮಾಡಿದೆವು. ಸ್ಟಿಯರಿಂಗ್ ತಿರುಗಿಸಿ ಚಕ್ರ ಹೊರಗೆ ಬರುವಂತೆ ಮಾಡಿದ ಮೇಲೆ ಮಾವ ಕೈ ಚಾಚಿದರು. “ಕೀ ಕೊಡು.” ಕೊಟ್ಟೆ. ಅಂಗಿಯ ಜೇಬಿಗೆ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಮಗ ಮುಟ್ಟದಿರಲಿ ಅಂತ ಇರಬೇಕು ಅಂದುಕೊಂಡೆ.

ನಮ್ಮ ಅಂಗಳ ಮಣ್ಣಿನದು. ಜಾಕ್ ಕೆಳಗೆ ದಪ್ಪ ಹಲಗೆ ಇಟ್ಟೆವು, ಇಲ್ಲದಿದ್ದರೆ ಭಾರ ಬಿದ್ದಂತೆ ಜಾಕ್ ವಾಲುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಒಂದು ಸುತ್ತು ಸಡಿಲಿಸಿ, ಆಮೇಲೆ ಎತ್ತಿದ್ದು. ಕಾರನ್ನು ಹೊತ್ತು ನಿಲ್ಲಲು ಕಬ್ಬಿಣದ ಸ್ಟ್ಯಾಂಡ್ ತರಿಸಿದ್ದೆ. ಗೋಡೆ ಕಟ್ಟಿ ಉಳಿದ ಸಿಮೆಂಟ್ ಇಟ್ಟಿಗೆ ಇವೆಯಲ್ಲ ಅಂದಿದ್ದಕ್ಕೆ ಮಾವ ಸಿಟ್ಟಾದರು. “ಇಟ್ಟಿಗೆ ಹೇಳಿ ಒಡೆಯಲ್ಲ ಕಣಮ್ಮ.” ಸ್ಟ್ಯಾಂಡ್ ಇದ್ದರೂ ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ತಳ್ಳಿಸಿದರು. ಒಂದು ವೇಳೆ ಜಾರಿದರೂ ಚಕ್ರದ ಮೇಲೆ ಕೂರಲಿ ಅಂತ.

ಕ್ಯಾಲಿಪರ್ ಅಂದರೆ ಡಿಸ್ಕ್ ಅನ್ನು ಎರಡೂ ಕಡೆಯಿಂದ ಹಿಡಿಯುವ ಕಬ್ಬಿಣದ ಮುಷ್ಟಿ. ಸಣ್ಣ ಕಾರುಗಳಲ್ಲಿ ಅದರ ಒಳಬದಿಯಲ್ಲಿ ಮಾತ್ರ ಪಿಸ್ಟನ್ ಇರುತ್ತದೆ. ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಒಳಕ್ಕೆ ಸರಿದು ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಆ ಪಿನ್ ಹಿಡಿದುಕೊಂಡರೆ ಕ್ಯಾಲಿಪರ್ ಸರಿಯುವುದಿಲ್ಲ, ಒಳಗಿನ ಪ್ಯಾಡ್ ಒಂದೇ ದುಡಿಯುತ್ತದೆ. ನಮ್ಮ ಕಾರಿನಲ್ಲಿ ಆಗಿದ್ದು ಅದೇ. ಹೊರಗಿನ ಪ್ಯಾಡ್ 6 ಮಿಲಿಮೀಟರ್, ಒಳಗಿನದು 2ಕ್ಕೂ ಕಮ್ಮಿ. ಅದಕ್ಕೆ ಅಂಟಿಸಿದ ಪುಟ್ಟ ತಗಡಿನ ನಾಲಿಗೆ ಡಿಸ್ಕಿಗೆ ತಾಗಿ ಕಿರುಚುತ್ತಿತ್ತು. ಪ್ಯಾಡ್ ಮುಗಿಯಿತು ಅಂತ ಹೇಳುವುದಕ್ಕೇ ಅದನ್ನು ಇಟ್ಟಿರುತ್ತಾರೆ. ಕೆಳಗಿನ ಪಿನ್ ಒಣಗಿ, ತುಕ್ಕು ಹಿಡಿದು, ಕೈಯಲ್ಲಿ ಎಳೆದರೆ ಬರಲೇ ಇಲ್ಲ. ಹೊರಗಿನದನ್ನು ನೋಡಿ “ಅರ್ಧ ಇದೆ” ಅಂದಿದ್ದು ನೆನಪಾಗಿ ಮೈ ಬಿಸಿಯಾಯಿತು. ಸರ್ವಿಸ್‌ಗೆ ಬಿಡುವವರು ಇನ್ನು ಮೇಲೆ ಒಂದೇ ಪ್ರಶ್ನೆ ಕೇಳಿ: “ಚಕ್ರ ಬಿಚ್ಚಿ ನೋಡಿದ್ರಾ?”

ಡಿಸ್ಕ್ ಬದಲಿಸಬೇಕೋ ಬೇಡವೋ ಅನ್ನುವುದು ಮುಂದಿನ ಪ್ರಶ್ನೆ. ಇಷ್ಟಕ್ಕಿಂತ ತೆಳುವಾಗಬಾರದು ಅಂತ ಡಿಸ್ಕಿನ ಮೇಲೇ ಅಂಕಿ ಒತ್ತಿರುತ್ತಾರೆ. ನಮ್ಮದರಲ್ಲಿ 15 ಮಿಲಿಮೀಟರ್. ಮಗನ ಅಣ್ಣನೊಬ್ಬನ ಪಾಲಿಟೆಕ್ನಿಕ್ ವರ್ನಿಯರ್ ತಂದು ಅಳೆದೆ. 16! ಉಳಿಯಿತು ದುಡ್ಡು ಅಂತ ಖುಷಿಪಟ್ಟೆ. ಮಾವ ಎರಡು ಒಂದು ರೂಪಾಯಿ ನಾಣ್ಯ ಕೊಟ್ಟರು. ಪ್ಯಾಡ್ ತಾಗದ ಅಂಚು ಸವೆಯದೆ ಏಣಿನಂತೆ ಉಳಿದಿರುತ್ತದೆ, ವರ್ನಿಯರ್ ಅದನ್ನೇ ಅಳೆದಿತ್ತು. ಡಿಸ್ಕಿನ ಎರಡೂ ಬದಿಗೆ ಒಂದೊಂದು ನಾಣ್ಯ ಒತ್ತಿ ಹಿಡಿದು ಅಳೆದು, ನಾಣ್ಯಗಳ ದಪ್ಪ ಕಳೆದರೆ ನಿಜ ಬಯಲಾಗುತ್ತದೆ. 14.6 ಬಂತು. ಒಂದು ಕಡೆಯದು ಹೋಯಿತೆಂದರೆ ಎರಡೂ ಕಡೆ ಹಾಕಬೇಕು, ಇಲ್ಲವಾದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಅದೃಷ್ಟಕ್ಕೆ ಡಿಸ್ಕ್ ಜೋಡಿಯನ್ನೂ ಪ್ಯಾಡ್ ಜೊತೆಗೆ ಕಡೂರಿನಿಂದ ಶನಿವಾರವೇ ತಂದಿಟ್ಟಿದ್ದೆ, ಬೇಡವಾದರೆ ವಾಪಸ್ ಕೊಡುವ ಮಾತಿನ ಮೇಲೆ.

ಒಂದೆರಡು ಮಿಲಿಮೀಟರಿಗೆ ಇಷ್ಟು ಗಲಾಟೆಯೇ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಕಡೆಯಿಂದ ಚಿಕ್ಕಮಗಳೂರಿಗೆ ಇಳಿಯುವುದೆಂದರೆ ಸುಮಾರು 800 ಮೀಟರ್ ಇಳಿತ. ಜನ ಕೂತ ಸಣ್ಣ ಕಾರಿನ ತೂಕ 1,200 ಕೆ.ಜಿ. ಅಂತಿಟ್ಟುಕೊಂಡರೆ, ಆ ಇಳಿತದಲ್ಲಿ ಹೊರಬರುವ ಶಕ್ತಿ 30 ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಬಚ್ಚಲ ಹಂಡೆಗೆ ಉರಿ ಹಾಕಿದವರಿಗೆ ಅದು ಎಷ್ಟು ಸೌದೆ ಅಂತ ಗೊತ್ತು. ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ತಡೆದುಕೊಳ್ಳುತ್ತದೆ. ನ್ಯೂಟ್ರಲ್ ಮಾಡಿ ಇಳಿಸಿದರೆ ಎಲ್ಲವೂ ಬ್ರೇಕಿನ ತಲೆಗೇ. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ನಲ್ಲಿ ಇಳಿಯುವವರನ್ನು ಗಿರಿಯಲ್ಲಿ ಎಷ್ಟು ಬೇಕಾದರೂ ನೋಡಬಹುದು. ಈಗಿನ ಗಾಡಿಗಳು ಗೇರಿನಲ್ಲಿ ಕಾಲು ತೆಗೆದು ಇಳಿಯುವಾಗ ಎಂಜಿನ್‌ಗೆ ಪೆಟ್ರೋಲನ್ನೇ ನಿಲ್ಲಿಸುತ್ತವೆ. ಉರಿಯುವುದು ನ್ಯೂಟ್ರಲ್‌ನಲ್ಲೇ. ತೆಳು ಡಿಸ್ಕ್ ಬೇಗ ಕಾಯುತ್ತದೆ. ಕಾವು ಬ್ರೇಕ್ ಆಯಿಲ್‌ವರೆಗೂ ಹೋಗುತ್ತದೆ. ಡಾಟ್ 3 ಆಯಿಲ್ ಹೊಸದಾಗಿದ್ದಾಗ 205 ಡಿಗ್ರಿವರೆಗೆ ಕುದಿಯುವುದಿಲ್ಲ, ಗಾಳಿಯ ತೇವ ಹೀರಿ ಹಳತಾದಂತೆ 140ರ ಹತ್ತಿರಕ್ಕೇ ಕುದಿಯಬಲ್ಲದು. ಕುದಿದರೆ ಗುಳ್ಳೆ, ಗುಳ್ಳೆಯಾದರೆ ಪೆಡಲ್ ಮೆತ್ತಗೆ.

ಹಳೆ ಡಿಸ್ಕ್ ಮಾತ್ರ ಸುಲಭಕ್ಕೆ ಬಿಡಲಿಲ್ಲ. ಕ್ಯಾಲಿಪರನ್ನು ರಬ್ಬರ್ ಪೈಪಿನ ಮೇಲೆ ಜೋತಾಡಲು ಬಿಡಬಾರದು. ತೆಂಗಿನ ನಾರಿನ ಹಗ್ಗದಲ್ಲಿ ಮೇಲಿನ ಸ್ಪ್ರಿಂಗಿಗೆ ಕಟ್ಟಿದೆ. ಸುತ್ತಿಗೆಯಲ್ಲಿ ಹತ್ತು ನಿಮಿಷ ಬಡಿದೆ. ಅಲ್ಲಾಡಲಿಲ್ಲ. ಡಿಸ್ಕಿನಲ್ಲಿ ಎರಡು ಸಣ್ಣ ಮರೆಯುಳ್ಳ ತೂತುಗಳಿವೆ, ಯಾಕೆಂದು ನನಗೆ ಗೊತ್ತಿರಲಿಲ್ಲ. ಅವಕ್ಕೆ 8 ಮಿಲಿಮೀಟರಿನ ಎರಡು ಬೋಲ್ಟ್ ಹಾಕಿ ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ತಿರುಗಿಸಿದರೆ ಡಿಸ್ಕ್ ತಾನೇ ಹೊರಕ್ಕೆ ಬರುತ್ತದೆ. ‘ಟಕ್’ ಅಂತ ಬಿಟ್ಟಿತು. “ಇದನ್ನ ಮೊದಲೇ ಹೇಳಬಾರದಾ ಮಾವ?” ಅಂದೆ. “ಬಡಿಯೋ ಆಸೆ ತೀರಲಿ ಅಂತ ಬಿಟ್ಟೆ” ಅಂದರು.

ಹೊಸ ಡಿಸ್ಕ್ ಕೂರುವ ಜಾಗವನ್ನು ವೈರ್ ಬ್ರಷ್‌ನಲ್ಲಿ ಉಜ್ಜುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಅಲ್ಲಿ ತುಕ್ಕಿನ ಒಂದು ಹರಳು ಉಳಿದರೂ ಡಿಸ್ಕ್ ಓರೆಯಾಗಿ ಕೂತು ಮುಂದೆ ಪೆಡಲ್ ನಡುಗುತ್ತದೆ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲು ಎಣ್ಣೆ ಬಳಿದಿರುತ್ತಾರೆ, ಅದನ್ನೂ ಕ್ಲೀನರ್ ಹಾಕಿ ಒರೆಸಬೇಕು. ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಈ ಕೆಲಸ ಬೇಡ. ಹಳೆ ಪ್ಯಾಡಿನ ಪುಡಿಯನ್ನು ಬಾಯಲ್ಲಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ. ಪಿನ್ನಿಗೆ ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಊದಿಕೊಳ್ಳುತ್ತದೆ, ಬ್ರೇಕಿಗೆಂದೇ ಮಾಡಿದ ಗ್ರೀಸ್ ಸಿಗುತ್ತದೆ.

ಹೊಸ ಪ್ಯಾಡ್ ದಪ್ಪ, ಆದ್ದರಿಂದ ಪಿಸ್ಟನನ್ನು ಒಳಕ್ಕೆ ತಳ್ಳಬೇಕು. ಬಡಗಿಯ ಕ್ಲಾಂಪ್ ಹಾಕಿ ತಿರುಗಿಸುತ್ತಿದ್ದೆ. ಬಾನೆಟ್ ಹತ್ತಿರ ನಿಂತಿದ್ದ ಮಗ, “ಅಮ್ಮಾ, ಉಕ್ಕುತ್ತಿದೆ!” ಅಂತ ಕೂಗಿದ. ಪ್ಯಾಡ್ ಸವೆದಂತೆ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಅದು ಸೋರಿಕೆಯಲ್ಲ. ಇಳಿದಿದೆ ಅಂತ ನಾನೇ ಒಮ್ಮೆ ತುಂಬಿಸಿಟ್ಟಿದ್ದೆ. ಪಿಸ್ಟನ್ ಹಿಂದೆ ಹೋದಾಗ ಅಷ್ಟೂ ಮೇಲೆ ಬಂತು. ಆ ಆಯಿಲ್ ಬಣ್ಣವನ್ನು ತಿನ್ನುತ್ತದೆ, ಮೂರು ಬಿಂದಿಗೆ ನೀರು ಸುರಿದು ತೊಳೆದೆ. ಮೊದಲೇ ಸ್ವಲ್ಪ ತೆಗೆದಿಡಬೇಕಿತ್ತು.

ಎಡಗಡೆಗೆ ಮೂರೂವರೆ ಗಂಟೆ, ಬಲಗಡೆಗೆ ಒಂದೂಕಾಲು. ಬೋಲ್ಟ್‌ಗಳನ್ನು ಕಾರಿನ ಪುಸ್ತಕ ಹೇಳಿದ ಅಳತೆಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿದೆ. ಚಕ್ರದ ನಟ್‌ಗೆ ನಮ್ಮದರಲ್ಲಿ 85 ನ್ಯೂಟನ್ ಮೀಟರ್. ಕಾರು ಕೆಳಗಿಳಿಸಿದಾಗ ಸಂಜೆ ನಾಲ್ಕು. ಮಗ ಗೇಟಿನ ಹತ್ತಿರ ಚೆಂಡು ಆಡುತ್ತಿದ್ದ. ಕಾರಿನ ಮೂತಿ ಗೇಟಿನ ಕಡೆಗೇ ಇತ್ತು. ಒಂದು ರೌಂಡ್ ಹೋಗಿಬರೋಣ ಅಂತ ಒಳಗೆ ಕೂತು, “ಮಾವ, ಕೀ” ಅಂದೆ.

“ಮೊದಲು ಬ್ರೇಕ್ ಒತ್ತು.”

ಒತ್ತಿದೆ. ಕಾಲು ಸೀದಾ ನೆಲಕ್ಕೆ ಹೋಯಿತು. ತಡೆಯೇ ಇಲ್ಲ. ಎಂಜಿನ್ ಶುರುವಾಗಿದ್ದರೆ, ಗೇರು ಬಿದ್ದಿದ್ದರೆ, ಮುಂದೆ ಗೇಟು, ಗೇಟಿನ ಹತ್ತಿರ ಮಗು. ಒಂದು ನಿಮಿಷ ಮಾತು ಹೊರಡಲಿಲ್ಲ.

“ಗಾಬರಿ ಬೀಳಬೇಡ. ಒತ್ತುತ್ತಾ ಇರು.” ನಾವು ಪಿಸ್ಟನನ್ನು ದೂರ ತಳ್ಳಿದ್ದೆವಲ್ಲ, ಅದು ವಾಪಸ್ ಬಂದು ಪ್ಯಾಡಿಗೆ ತಾಗುವವರೆಗೆ ಪೆಡಲ್‌ಗೆ ಹಿಡಿತವಿರುವುದಿಲ್ಲ. ನಾಲ್ಕನೇ ಸಲಕ್ಕೆ ಸ್ವಲ್ಪ ಗಟ್ಟಿ, ಎಂಟು ಹತ್ತಕ್ಕೆ ಕಲ್ಲು. ಆಯಿಲ್ ಮಟ್ಟ ಮತ್ತೆ ನೋಡಿ, ಎಲ್ಲೂ ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ ಮಾವ ಜೇಬಿಗೆ ಕೈ ಹಾಕಿದರು. ಡಿಪೊದಲ್ಲೂ ಹಾಗೇ ಮಾಡುತ್ತಿದ್ದರಂತೆ. ಪೆಡಲ್ ಗಟ್ಟಿಯಾಗುವವರೆಗೆ ಗಾಡಿಯ ಜವಾಬ್ದಾರಿ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಆಮೇಲೆ ಊರಾಚೆಯ ಖಾಲಿ ರಸ್ತೆಯಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ, ಐವತ್ತರ ವೇಗದಿಂದ ಹತ್ತಕ್ಕೆ ಇಳಿಸುತ್ತಾ ಎಂಟು ಹತ್ತು ಸಲ ಬ್ರೇಕ್ ಹಾಕಿದೆ. ಪೂರ್ತಿ ನಿಲ್ಲಿಸಬಾರದು, ನಡುವೆ ಸ್ವಲ್ಪ ಓಡಿಸಿ ಆರಲು ಬಿಡಬೇಕು. ಹೊಸ ಪ್ಯಾಡ್ ಹೊಸ ಡಿಸ್ಕಿಗೆ ಹೊಂದಿಕೊಳ್ಳುವುದು ಹೀಗೆ. ಹೊಸ ಬ್ರೇಕಿನ ಸುಟ್ಟ ವಾಸನೆ ಬಂತು, ಗಾಡಿ ಮಾತ್ರ ನೇರ ನಿಂತಿತು.

ನನ್ನ ಅಭಿಪ್ರಾಯ ಕೇಳಿದರೆ, ಪಕ್ಕದಲ್ಲಿ ಗೊತ್ತಿರುವವರು ಒಬ್ಬರಿಲ್ಲದೆ ಮೊದಲ ಸಲ ಮಾಡಬೇಡಿ. ಆಯಿಲ್ ಪೈಪ್ ಬಿಚ್ಚುವ ಕೆಲಸ ಬಂದರೆ ಅಲ್ಲಿಗೇ ನಿಲ್ಲಿಸಿ. ಹಿಂದಿನ ಡ್ರಮ್ಮನ್ನೂ ಬಿಚ್ಚೋಣವೇ ಅಂತ ನಾನು ಕೇಳಿದ್ದಕ್ಕೆ ಮಾವ, “ಅದರ ಸ್ಪ್ರಿಂಗ್ ಕಣ್ಣಿಗೆ ಹಾರುತ್ತೆ, ಅದು ಮೆಕ್ಯಾನಿಕ್ಕಿಗೆ” ಅಂದುಬಿಟ್ಟರು.

ಹಳೆ ಡಿಸ್ಕ್ ಒಂದನ್ನು ಅತ್ತೆ ತೊಳೆದು, ಕೊಬ್ಬರಿ ಒಣಗಿಸುವ ಟಾರ್ಪಾಲ್ ಹಾರದಂತೆ ಮೂಲೆಗೆ ಇಟ್ಟಿದ್ದಾರೆ. ಇನ್ನೊಂದನ್ನು ಮಗ ನುಗ್ಗೆ ಮರಕ್ಕೆ ಕಟ್ಟಿ ಶಾಲೆಯ ಗಂಟೆ ಮಾಡಿಕೊಂಡ. ಬುಧವಾರ ಬೆಳಗ್ಗೆ ಶಾಲೆಗೆ ಹೊರಡುವಾಗ ಕೀ ಗೂಟದಲ್ಲಿರಲಿಲ್ಲ. ಮಾವ ಕಾರಿನ ಪಕ್ಕ ರೆಂಚ್ ಹಿಡಿದು ನಿಂತಿದ್ದರು. “ಐವತ್ತು ಕಿಲೋಮೀಟರ್ ದಾಟಿರಬೇಕಲ್ಲ? ಒಂದ್ಸಲ ನಟ್ ನೋಡಿಬಿಡು.”