ಶುಶ್ರೂಷೆ: ಕರುಣೆಯೂ ಕ್ರಮವೂ

ಕೋಲ್ಕತ್ತಕ್ಕೆ ಬಂದ ಕನ್ನಡಿಗರು ಕಾಳಿಘಾಟ್‌ನ ದೇವಿಯ ದರ್ಶನ ಪಡೆಯದೆ ಹಿಂದಿರುಗುವುದು ವಿರಳ. ಆ ಗುಡಿಯ ಮಗ್ಗುಲಲ್ಲಿಯೇ, ಒಂದು ಕಾಲಕ್ಕೆ ಯಾತ್ರಿಕರ ಛತ್ರವಾಗಿದ್ದ ಕಟ್ಟಡದಲ್ಲಿ ‘ನಿರ್ಮಲ ಹೃದಯ’ವಿದೆ. ಬೀದಿಯಲ್ಲಿ ಬಿದ್ದು ಸಾಯುತ್ತಿದ್ದ ಅನಾಥರಿಗಾಗಿ ಮದರ್ ತೆರೇಸಾ ಅವರು 1952ರಲ್ಲಿ ಇದನ್ನು ತೆರೆದರು. ಶುಶ್ರೂಷೆಯನ್ನು ಕಲಿಯುವ ತರುಣ ತರುಣಿಯರಿಗೆ ಈ ಮನೆಯ ಇತಿಹಾಸದಲ್ಲಿ ಎರಡು ಪಾಠಗಳಿವೆ.

ಮೊದಲನೆಯದು ಕರುಣೆಯ ಪಾಠ. ಯಾರೂ ಮುಟ್ಟಲೊಲ್ಲದ ದೇಹವನ್ನು ತೊಳೆದು, ಹುಣ್ಣನ್ನು ಶುಚಿಗೊಳಿಸಿ, ಬಾಯಿಗೆ ನೀರು ಹನಿಸುವುದೇ ಶುಶ್ರೂಷೆಯ ಮೂಲ.

ಎರಡನೆಯದು ಕ್ರಮದ ಪಾಠ. ‘ದಿ ಲ್ಯಾನ್ಸೆಟ್’ ಎಂಬ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯ ಸಂಪಾದಕರಾಗಿದ್ದ ಡಾ. ರಾಬಿನ್ ಫಾಕ್ಸ್ ಈ ಮನೆಯನ್ನು ಸಂದರ್ಶಿಸಿ 1994ರಲ್ಲಿ ಒಂದು ಲೇಖನ ಬರೆದರು. ಅಲ್ಲಿನ ಶುಚಿತ್ವ, ವ್ರಣಗಳ ಆರೈಕೆ ಮತ್ತು ಅಕ್ಕರೆಯನ್ನು ಅವರು ಮೆಚ್ಚಿದರು. ಆದರೆ ತೀವ್ರ ಜ್ವರದ ಒಬ್ಬ ತರುಣನಿಗೆ ಟೆಟ್ರಾಸೈಕ್ಲಿನ್ ಮತ್ತು ಪ್ಯಾರಾಸಿಟಮಾಲ್ ಕೊಡಲಾಗಿತ್ತು. ಅನಂತರ ಬಂದ ವೈದ್ಯರು ಅದು ಮಲೇರಿಯಾ ಇರಬಹುದೆಂದು ಬಗೆದು ಕ್ಲೋರೋಕ್ವಿನ್ ಕೊಡಿಸಿದರು. ಒಂದು ತೊಟ್ಟು ರಕ್ತವನ್ನು ಮೊದಲೇ ಪರೀಕ್ಷಿಸಬಾರದಿತ್ತೇ ಎಂಬುದು ಫಾಕ್ಸ್ ಅವರ ಪ್ರಶ್ನೆ. ಪ್ರಬಲವಾದ ನೋವುಶಾಮಕಗಳು ಅಲ್ಲಿ ಇಲ್ಲದಿದ್ದುದನ್ನೂ ಅವರು ಎತ್ತಿ ತೋರಿಸಿದರು. ನ್ಯಾಯವಾಗಿ ಹೇಳುವುದಾದರೆ, 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದಾಗಿ ಅಂದು ಭಾರತದ ಹಲವು ಆಸ್ಪತ್ರೆಗಳಲ್ಲಿಯೂ ಮಾರ್ಫಿನ್ ದುರ್ಲಭವಾಗಿತ್ತು. ಅದನ್ನು ಸಡಿಲಿಸುವ ತಿದ್ದುಪಡಿ ಬಂದದ್ದು 2014ರಲ್ಲಿ. ಆದರೂ ಪಾಠ ಉಳಿಯುತ್ತದೆ: ಕರುಣೆಯೊಂದೇ ರೋಗಿಯನ್ನು ಕಾಯಲಾರದು.

ಸುರಕ್ಷೆಯ ಮೂಲಸೂತ್ರಗಳು

ಕೈ ತೊಳೆಯುವುದು ಮೊದಲ ಸೂತ್ರ. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ 1847ರಲ್ಲಿ ಇದರಿಂದಲೇ ಬಾಣಂತಿಯರ ಮರಣವನ್ನು ತಗ್ಗಿಸಿದರು. ರೋಗಿಯನ್ನು ಮುಟ್ಟುವ ಮುನ್ನ ಮತ್ತು ಮುಟ್ಟಿದ ಬಳಿಕ, ಸಾಬೂನಿನಿಂದ 40ರಿಂದ 60 ಸೆಕೆಂಡುಗಳ ಕಾಲ ಕೈ ತೊಳೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಎಂದೂ ಬಳಸಲಾಗದು.

ಔಷಧ ಕೊಡುವಾಗ ಐದು ಅಂಶಗಳು ಸರಿಯಿರಬೇಕು: ರೋಗಿ, ಔಷಧ, ಪ್ರಮಾಣ, ಮಾರ್ಗ ಮತ್ತು ಸಮಯ. ಬ್ಯಾಂಕಿನಲ್ಲಿ ಒಬ್ಬರು ಬರೆದದ್ದನ್ನು ಮತ್ತೊಬ್ಬರು ಪರಿಶೀಲಿಸಿ ಸಹಿ ಹಾಕುವಂತೆ, ಅಪಾಯಕಾರಿ ಔಷಧಗಳನ್ನು ಇಬ್ಬರು ನೋಡುವುದು ಕ್ಷೇಮ. ಲೆಕ್ಕದ ತಪ್ಪನ್ನು ಮರುದಿನ ತಿದ್ದಬಹುದು. ದೇಹಕ್ಕೆ ಸೇರಿದ ಔಷಧವನ್ನು ಹಿಂದಕ್ಕೆ ಪಡೆಯಲಾಗದು. ಕೊಟ್ಟದ್ದನ್ನು ಕೂಡಲೇ ಬರೆದಿಡದಿದ್ದರೆ, ಮುಂದಿನ ಪಾಳಿಯವರು ಅದನ್ನೇ ಮತ್ತೆ ಕೊಟ್ಟಾರು.

ಮಾತೂ ಚಿಕಿತ್ಸೆಯ ಭಾಗ

‘ನೀವು ಲಕ್ಷ್ಮಮ್ಮನವರೇ?’ ಎಂದು ಕೇಳಿದರೆ, ಅರೆನಿದ್ರೆಯಲ್ಲಿರುವ ಬೇರೊಬ್ಬರೂ ‘ಹೂಂ’ ಎಂದಾರು. ‘ನಿಮ್ಮ ಹೆಸರೇನು?’ ಎಂದೇ ಕೇಳಿ, ಉತ್ತರವನ್ನು ಕೈಪಟ್ಟಿಯೊಡನೆ ಹೋಲಿಸಿ ನೋಡಬೇಕು. ವೈದ್ಯರು ದೂರವಾಣಿಯಲ್ಲಿ ಹೇಳಿದ್ದನ್ನು ಬರೆದುಕೊಂಡು ಅವರಿಗೇ ಓದಿ ಹೇಳಬೇಕು. ರೋಗಿಗೆ ತಿಳಿಯಿತೇ ಎಂದು ಕೇಳುವುದಕ್ಕಿಂತ, ತಿಳಿದದ್ದನ್ನು ಅವರ ಮಾತಿನಲ್ಲೇ ಹೇಳಿಸುವುದು ಲೇಸು.

ಪರನಾಡಿನಲ್ಲಿ ಈ ತೊಡಕು ಇಮ್ಮಡಿ. ಊರಿನಿಂದ ಬಂದ ಅಜ್ಜಿ ‘ಹೊಟ್ಟೆಯಲ್ಲಿ ಸಂಕಟ’ ಎಂದರೆ ಅದು ದೇಹದ ಬಾಧೆ. ಬಂಗಾಳಿಯಲ್ಲಿ ಅದೇ ಪದಕ್ಕೆ ವಿಪತ್ತು, ಬಿಕ್ಕಟ್ಟು ಎಂಬರ್ಥ. ಉರಿ, ಸೆಳೆತ, ಚುಚ್ಚು, ಹಿಂಡು ಎಂಬ ಭೇದಗಳೆಲ್ಲ ದಾದಿಯ ಕಿವಿಯಲ್ಲಿ ಬರಿಯ ‘ನೋವು’ ಆಗಿಬಿಟ್ಟರೆ, ರೋಗದ ಸುಳಿವೇ ತಪ್ಪಿಹೋದೀತು. ಆದುದರಿಂದ ಕುಟುಂಬದವರು ರೋಗಿ ಸೇವಿಸುವ ಔಷಧಗಳು, ಒಗ್ಗದ ಔಷಧಗಳು ಮತ್ತು ಹಿಂದಿನ ಕಾಯಿಲೆಗಳನ್ನು ಒಂದು ಹಾಳೆಯಲ್ಲಿ ಬಂಗಾಳಿ ಅಥವಾ ಇಂಗ್ಲಿಷಿನಲ್ಲಿ ಬರೆದಿಟ್ಟಿರಬೇಕು. ಎರಡೂ ಭಾಷೆ ಬಲ್ಲ ಹಿರಿಯರೊಬ್ಬರು ಜೊತೆಗಿದ್ದು, ರೋಗಿ ಹೇಳಿದ್ದನ್ನು ಕೂಡಿಸದೆ ಕಳೆಯದೆ ತಿಳಿಸಬೇಕು. ಮಕ್ಕಳಿಗೆ ಈ ಹೊರೆ ಸಲ್ಲದು.

ಸಂಘದ ಮನೆಗಳಿಂದ ಶುಶ್ರೂಷಾ ವಿದ್ಯೆಗೆ ಹೊರಡುವ ಮಕ್ಕಳು ಬಂಗಾಳಿಯನ್ನೂ ಕಲಿಯಲಿ, ಕನ್ನಡವನ್ನೂ ಉಳಿಸಿಕೊಳ್ಳಲಿ. ನಡುರಾತ್ರಿಯ ವಾರ್ಡಿನಲ್ಲಿ ‘ಎಲ್ಲಿ ನೋಯುತ್ತದೆ ಅಜ್ಜಿ?’ ಎಂದು ಕೇಳಿ, ಕೈ ತೊಳೆದು, ಹೆಸರು ಪರಿಶೀಲಿಸಿ ಮದ್ದು ಕೊಡುವವರಲ್ಲಿ ಕರುಣೆಯೂ ಕ್ರಮವೂ ಒಂದಾಗುತ್ತವೆ.